ಡಿಕ್ಕಿಯಲ್ಲಿ ಸ್ಟೆಪ್ನಿಗೆ ಜಾಗ

ಮರ್ವಿನ್ ಫಿಟ್ಸ್‌ನರ್‌ನ ಹಸಿರು ಕಾರಿನಲ್ಲಿ ಇಬ್ಬರು ಕೂರಬಹುದು, ಅವರ ಜೊತೆ ಒಂದು ಸಾಮಾನು ಹೋಗಬಹುದು. ಅಷ್ಟೇ ಜಾಗ. ಕಾರು ಮಾಡಿದವರು ಸ್ಟೆಪ್ನಿ ಕೊಟ್ಟಿರಲಿಲ್ಲ. ಪಂಕ್ಚರ್ ಮುಚ್ಚಲು ಒಂದು ಬಾಟಲಿ ಅಂಟು, ಗಾಳಿ ತುಂಬಲು ಒಂದು ಪುಟ್ಟ ಪಂಪು ಕೊಟ್ಟು ಕೈ ತೊಳೆದುಕೊಂಡಿದ್ದರು. ಮರ್ವಿನ್ ಗುಜರಿಯಲ್ಲಿ ಹುಡುಕಿ ತಾನೇ ಒಂದು ಚಕ್ರ ತಂದಿಟ್ಟುಕೊಂಡಿದ್ದ. ಅದನ್ನು ಡಿಕ್ಕಿಗೆ ಹಾಕಿದರೆ ಅಲ್ಲಿ ಕರವಸ್ತ್ರಕ್ಕೂ ಜಾಗ ಉಳಿಯುತ್ತಿರಲಿಲ್ಲ. ಆದರೂ ತಮ್ಮೂರು ಕ್ವಾರ್ನ್‌ನ ಎಲ್ಲೆ ದಾಟುವಾಗ ಅದು ಡಿಕ್ಕಿಯಲ್ಲಿ ಇರಲೇಬೇಕು. ಅದು ಅವನ ಕಟ್ಟಪ್ಪಣೆ.

ಹಾಗಿದ್ದವನು ಕಾರ್ ಕ್ಲಬ್ಬಿನ ವಸಂತದ ಊಟಕ್ಕೆ ಹೊರಡುವ ಹಿಂದಿನ ದಿನ ಗ್ಯಾರೇಜಿನಲ್ಲಿ ನಿಂತು, “ಈ ಸಲ ಸ್ಟೆಪ್ನಿ ಬೇಡ” ಎಂದುಬಿಟ್ಟ.

ಹೆಂಡತಿ ರೇಲೀನ್ ಟೀ ಮಗ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಯಾರಪ್ಪಾ ಇದು ಹೇಳ್ತಿರೋದು? ಹಾಲು ತರೋಕೆ ಪಕ್ಕದೂರಿಗೆ ಹೋದ್ರೂ ಅದನ್ನ ಹೊತ್ಕೊಂಡು ಹೋಗ್ತಿದ್ದೋನು!”

“ಸುಮ್ನೆ ಭಾರ ಕಣೇ. ಅದನ್ನ ಹಾಕಿದ್ರೆ ಊಟಕ್ಕೆ ಮಾಡೋ ನಿನ್ನ ಹಣ್ಣಿನ ಪೈ ಎಲ್ಲಿಡ್ತೀಯ?”

“ನನ್ನ ಪೈ ಚಿಂತೆ ನಿಂಗೆ ತಿನ್ನೋವಾಗ ಬಿಟ್ರೆ ಇನ್ಯಾವತ್ತೂ ಬಂದಿರ್ಲಿಲ್ವಲ್ಲ?”

“ಅಂಟಿದೆ, ಪಂಪಿದೆ. ಗುಂಡಿ ಒತ್ತಿದ್ರೆ ಮುಗೀತು. ಈಗಿನ ಕಾಲದಲ್ಲಿ ಯಾರೂ ಸ್ಟೆಪ್ನಿ ಇಟ್ಕೊಳಲ್ಲ.”

“ಓಹೋ, ನೀನು ಯಾವಾಗಿಂದ ಈಗಿನ ಕಾಲದೋನಾದೆ?” ಎಂದು ನಕ್ಕು ರೇಲೀನ್ ಒಳಗೆ ಹೋದಳು. ಇನ್ನಷ್ಟು ವಾದ ಮಾಡುತ್ತಾಳೆಂದು ಮರ್ವಿನ್ ಸೊಂಟ ಕಟ್ಟಿ ನಿಂತಿದ್ದ. ಇಷ್ಟು ಸಲೀಸಾಗಿ ಬಿಟ್ಟುಕೊಟ್ಟದ್ದು ಅವನಿಗೇ ಆಶ್ಚರ್ಯ.

ನಿಜವಾದ ಸಂಗತಿ ಪೈಯೂ ಅಲ್ಲ, ಭಾರವೂ ಅಲ್ಲ. ಚಳಿಗಾಲದಲ್ಲಿ ಅವನಿಗೆ ಸಣ್ಣದಾಗಿ ಲಕ್ವ ಹೊಡೆದಿತ್ತು. ಮಾತು ತಿರುಗಿ ಬಂತು, ನಡಿಗೆ ಬಂತು, ಕಾರು ಓಡಿಸಬಹುದೆಂದು ಡಾಕ್ಟರೂ ಹೇಳಿದರು. ಬಲಗೈಯ ಹಿಡಿತ ಮಾತ್ರ ಬರಲಿಲ್ಲ. ಬಂದಿದೆ ಎಂದು ಅವನು ಮನೆಯಲ್ಲೂ ಹೇಳಿದ, ಆಸ್ಪತ್ರೆಯಲ್ಲೂ ಹೇಳಿದ. ರೇಲೀನ್ ಅಂಗಡಿಗೆ ಹೋಗಿದ್ದಾಗ ಒಮ್ಮೆ ಚಕ್ರದ ನಟ್ಟಿಗೆ ಪಾನಾ ಹಾಕಿ ನೋಡಿದ್ದ. ನಟ್ಟು ಅಲುಗಲಿಲ್ಲ, ಅಲುಗಿದ್ದು ಅವನ ಭುಜ. ಸಿಟ್ಟಿಗೆ ಪಾನಾ ಎಸೆದು, ಆಮೇಲೆ ತಾನೇ ಹೋಗಿ ಹೆಕ್ಕಿಕೊಂಡು ಬಂದಿದ್ದ.

ಇದರ ಜೊತೆಗೆ ಅವನದೇ ಬಾಯಿ ಅವನಿಗೆ ಉರುಳಾಗಿತ್ತು. ಕ್ಲಬ್ಬಿನ ಹಿರಿಯ ಕ್ಲಾರಿ ಎರಡು ವರ್ಷದ ಹಿಂದೆ ಚಕ್ರ ಬದಲಿಸಲಾಗದೆ ದಾರಿಯಲ್ಲಿ ಕೂತು ತಡವಾಗಿ ಕ್ಲಬ್ಬಿಗೆ ಬಂದಾಗ, ಮರ್ವಿನ್ ಬಿಯರ್ ಗ್ಲಾಸ್ ಎತ್ತಿ ಎಲ್ಲರೆದುರು ಹೇಳಿದ್ದ: ತನ್ನ ಕಾರಿನ ಚಕ್ರ ತಾನು ಬಿಚ್ಚಲಾಗದವನು ಕಾರು ಮಾರಿಬಿಡಬೇಕು, ನನಗೆ ಆ ದಿನ ಬಂದರೆ ಮರುದಿನವೇ ಮಾರುತ್ತೇನೆ. ಕ್ಲಾರಿ ನಿಜವಾಗಿಯೂ ಮಾರಿದ. ಈಗ ತನ್ನ ಸರದಿ. ಸ್ಟೆಪ್ನಿ ಜೊತೆಗಿದ್ದರೆ ಪಂಕ್ಚರಾದಾಗ ಅದನ್ನು ಹಾಕಬೇಕಾಗುತ್ತದೆ, ಹಾಕಲಾರ ಎಂಬುದು ಬಯಲಾಗುತ್ತದೆ, ಕಾರು ಹೋಗುತ್ತದೆ. ಸ್ಟೆಪ್ನಿಯೇ ಇಲ್ಲದಿದ್ದರೆ ಯಾರು ತಾನೇ ಏನು ಕೇಳುತ್ತಾರೆ? ಹೀಗಿತ್ತು ಅವನ ಲೆಕ್ಕಾಚಾರ.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವನ ಮನಸ್ಸು ಹಗುರಾಗಿತ್ತು. ಜಾಮ್ ಬಾಟಲಿಯ ಮುಚ್ಚಳ ಒಂದೇ ತಿರುವಿಗೆ ಬಂತು. ಈಚೆಗೆ ದಿನವೂ ಹಾಗೆಯೇ ಬರುತ್ತಿತ್ತು. ಕೈ ತಾನಾಗಿಯೇ ದಾರಿಗೆ ಬರುತ್ತಿದೆ, ಇನ್ನೊಂದೆರಡು ತಿಂಗಳು ಗುಟ್ಟು ಕಾಪಾಡಿದರೆ ಸಾಕು ಎಂದುಕೊಂಡ.

ರೇಲೀನ್ ಆಗಲೇ ಕಾರಿನಲ್ಲಿ ಕೂತಿದ್ದಳು, ಕ್ವಾಂಡಾಂಗ್ ಹಣ್ಣಿನ ಪೈಯ ಡಬ್ಬ ತೊಡೆಯ ಮೇಲೆ.

“ಡಿಕ್ಕಿಲಿಡೋದಲ್ವಾ? ಅದಕ್ಕೇ ತಾನೇ ಜಾಗ ಮಾಡಿದ್ದು?”

“ನೀನು ಓಡ್ಸೋ ಓಟಕ್ಕೆ ಡಿಕ್ಕಿಲಿಟ್ರೆ ಪೈ ಹೋಗಿ ಗಂಜಿ ಆಗುತ್ತೆ. ನಡಿ ನಡಿ.”

ಹಾಕರ್ ಊರು ದಾಟುವವರೆಗೆ ರಸ್ತೆ ಚೆನ್ನಾಗಿತ್ತು. ಛಾವಣಿ ಮಡಿಸಿ ಇಬ್ಬರೂ ಬಿಸಿಲು ಕಾಯಿಸಿಕೊಂಡು ಹೋದರು. ಕಾರಿನ ಹಿಂಭಾಗ ತುಸು ಕುಕ್ಕರಿಸಿದಂತೆ ಮರ್ವಿನ್‌ಗೆ ಅನಿಸಿತು. ಚಳಿಗಾಲವೆಲ್ಲ ಕೂತು ತಿಂದದ್ದರ ಫಲವಿರಬೇಕು ಎಂದುಕೊಂಡು ಆ ಮಾತನ್ನು ಹೆಂಡತಿಗೆ ಹೇಳದೆ ಜಾಣನಾದ. ಊಟ ಇದ್ದದ್ದು ಒಂದು ಹಳೆಯ ಕುರಿಕೊಟ್ಟಿಗೆಯಲ್ಲಿ, ಡಾಂಬರು ಬಿಟ್ಟು ಜಲ್ಲಿರಸ್ತೆಯಲ್ಲಿ ಸ್ವಲ್ಪ ಒಳಗೆ. ಆ ಜಲ್ಲಿಯಲ್ಲಿ ಅರ್ಧ ದಾರಿ ಹೋಗಿರಬಹುದು, ಎಡಗಡೆ ಮುಂದಿನ ಚಕ್ರದಿಂದ ಟಪ್ ಎಂದು ಸದ್ದು ಬಂತು, ಸ್ಟಿಯರಿಂಗ್ ಎಡಕ್ಕೆ ಎಳೆಯಿತು.

ಚೂಪುಕಲ್ಲು ಟೈರಿನ ಪಕ್ಕವನ್ನೇ ಸೀಳಿತ್ತು. ಮರ್ವಿನ್ ಸೀಟಿನಡಿಯಿಂದ ಅಂಟಿನ ಬಾಟಲಿ, ಪಂಪು ಎಳೆದು ಜೋಡಿಸಿ ಗುಂಡಿ ಒತ್ತಿದ. ಪಂಪು ಗೊರಗೊರ ಎಂದಿತು. ಒಳಗೆ ಹೋದ ಅಂಟೆಲ್ಲ ಹಾಗೆಯೇ ಸೀಳಿನಿಂದ ನೊರೆನೊರೆಯಾಗಿ ಹೊರಬಂದು ಅವನ ಬೂಟಿನ ಮೇಲೆ ಸುರಿಯಿತು. ಫೋನ್ ತೆಗೆದು ನೋಡಿದರೆ ಸಿಗ್ನಲ್ ಇಲ್ಲ.

ಅಷ್ಟರಲ್ಲಿ ಧೂಳೆಬ್ಬಿಸುತ್ತ ಒಂದು ಪಿಕಪ್ ಬಂತು. ಆ ಕಡೆ ನಿಂತ ಗಾಡಿಯನ್ನು ಕಂಡು ಸುಮ್ಮನೆ ದಾಟಿಹೋಗುವವರಿಲ್ಲ. ವೇಗ ತಗ್ಗಿಸಿ, ಅಗಲ ಟೋಪಿಯ ಕುರಿಯವನೊಬ್ಬ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಹಿಂದೆ ಅವನ ನಾಯಿಯೂ ತಲೆ ಹಾಕಿತು.

“ಏನಣ್ಣಾ, ಎಲ್ಲಾ ಸರಿಯಿದ್ಯಾ?”

“ಎಲ್ಲಾ ಸರಿ ಮಾರಾಯ!” ಎಂದು ಮರ್ವಿನ್ ಬೆರಳೆತ್ತಿದ.

ಅವನು ಯೋಚಿಸಿ ಹೇಳಿದ್ದಲ್ಲ. ಕಾಲು ಮುರಿದುಕೊಂಡು ಬಿದ್ದಿದ್ದರೂ ಆ ಸೀಮೆಯ ಗಂಡಸಿನ ಬಾಯಿಂದ ಬರುವ ಉತ್ತರ ಅದೊಂದೇ. ಅವನ ಅಪ್ಪ ಹಾಗೆ ಹೇಳುತ್ತಿದ್ದ, ಅಪ್ಪನ ಅಪ್ಪನೂ ಹಾಗೆಯೇ ಹೇಳುತ್ತಿದ್ದ. ಕುರಿಯವನು ತಾನೂ ಬೆರಳೆತ್ತಿ ಗೇರು ಹಾಕಿ ಹೊರಟುಹೋದ. ಧೂಳು ಅವರಿಬ್ಬರ ಮೇಲೆ ನಿಧಾನವಾಗಿ ಇಳಿಯಿತು.

ರೇಲೀನ್ ಪೈಯ ಡಬ್ಬವನ್ನು ಬಾನೆಟ್ ಮೇಲಿಟ್ಟಳು. “ಎಲ್ಲಾ ಸರಿಯಾ? ಏನೋ ಸರಿ? ಯಾವುದೋ ಸರಿ? ಒಂದಾದ್ರೂ ತೋರ್ಸು ನಂಗೆ!”

“ಅಭ್ಯಾಸ ಕಣೇ...”

“ಹೋಗು, ಆ ಅಭ್ಯಾಸದ ಮೇಲೇ ಕೂತ್ಕೊಂಡು ಊಟಕ್ಕೆ ಹೋಗು. ಅಯ್ಯೋ, ನೆನ್ನೆ ನಾನು ಬಡ್ಕೊಂಡೆ. ಸ್ಟೆಪ್ನಿ ಇದ್ದಿದ್ರೆ ಇಷ್ಟೊತ್ತಿಗೆ...”

“ಇದ್ದಿದ್ರೂ ಆಗ್ತಿರ್ಲಿಲ್ಲ!”

ಮಾತು ಅವನಿಗಿಂತ ಮೊದಲೇ ಹೊರಟುಹೋಗಿತ್ತು. ಮರ್ವಿನ್ ಕಾರಿಗೆ ಒರಗಿ ಬಲಗೈ ನೋಡಿಕೊಂಡ. “ನನ್ನ ಕೈಲಿ ನಟ್ಟು ಬಿಚ್ಚೋಕಾಗಲ್ಲ ರೇಲೀನ್. ಹಿಡಿತ ಬಂದೇ ಇಲ್ಲ. ಎಲ್ಲಾರ್ಗೂ ಸುಳ್ಳು ಹೇಳ್ದೆ. ಕಾರು ಮಾರ್ಬೇಕಾಗುತ್ತಲ್ಲಾಂತ.”

“ಗೊತ್ತು,” ಎಂದಳು ರೇಲೀನ್.

“ಏನು ಗೊತ್ತು? ಈಗ ಈಗ ಚೆನ್ನಾಗಾಗ್ತಿದೆ, ಜಾಮ್ ಬಾಟಲಿ ಎಲ್ಲ ತೆಗೀತೀನಿ...”

“ಜಾಮ್ ಬಾಟಲಿ ಮುಚ್ಚಳ ದಿನಾ ರಾತ್ರಿ ನಾನೇ ಸಡಿಲ ಮಾಡಿಡೋದು ಕಣೋ ದಡ್ಡ.”

ಚಳಿಗಾಲದಿಂದ ತಾನು ಗೆದ್ದ ಅಷ್ಟೂ ಮುಚ್ಚಳಗಳು ಮರ್ವಿನ್‌ನ ಕಣ್ಣ ಮುಂದೆ ಸಾಲಾಗಿ ಬಂದವು. ಮೊದಲು ಮುಖ ಬೆಂದಂತಾಯಿತು. ಆಮೇಲೆ ಅವಳು ದಿನವೂ ಅಡಿಗೆಮನೆಯಲ್ಲಿ ನಿಂತು ಒಂದೊಂದೇ ಬಾಟಲಿ ತಿರುವಿಡುತ್ತಿದ್ದುದನ್ನು ನೆನೆದು ಅಳು ಬಂತು, ಅದರ ಹಿಂದೆಯೇ ನಗು ಬಂತು. ಎರಡನ್ನೂ ತಡೆಯಲಾಗಲಿಲ್ಲ. ಎದೆಯ ಮೇಲಿಂದ ಕಲ್ಲು ಇಳಿಸಿದಂತಾಗಿತ್ತು.

“ಕೀ ಕೊಡಿಲ್ಲಿ,” ಎಂದು ಕೈಯೊಡ್ಡಿ ರೇಲೀನ್ ಡಿಕ್ಕಿ ತೆರೆದಳು. ಒಳಗೆ ಕಂಬಳಿ ಹೊದ್ದು ಸ್ಟೆಪ್ನಿ ಮಲಗಿತ್ತು, ಪಕ್ಕದಲ್ಲೇ ಜಾಕು, ಪಾನಾ. “ನೀನು ಸ್ನಾನಕ್ಕೆ ಹೋದಾಗ ಹಾಕ್ದೆ. ಇಲ್ದಿದ್ರೆ ಆ ಪೈನ ಇಷ್ಟು ದೂರ ತೊಡೆ ಮೇಲಿಟ್ಕೊಂಡು ಬರೋಕೆ ನಂಗೇನು ಹುಚ್ಚಾ?”

ಅವಳು ಜಾಕು ಎತ್ತಿಕೊಂಡು ನೇರ ಕಾರಿನಡಿಗೆ ತುರುಕಲು ಹೋದಳು.

“ಏಯ್, ಅದಲ್ಲ ಮೊದ್ಲು! ಚಕ್ರ ನೆಲದ ಮೇಲಿರೋವಾಗ್ಲೇ ನಟ್ಟು ಸಡಿಲ ಮಾಡ್ಬೇಕು.”

“ಸರಿ ಗುರುಗಳೇ.” ರೇಲೀನ್ ನಟ್ಟಿಗೆ ಪಾನಾ ಸಿಕ್ಕಿಸಿ, ಅದರ ಹಿಡಿ ಅಡ್ಡಕ್ಕೆ ಬರುವಂತೆ ಇಟ್ಟು, ಕಾರಿನ ಬಾಗಿಲು ಹಿಡಿದುಕೊಂಡು ಬೂಟುಗಾಲಿನಿಂದ ಅದರ ಮೇಲೆ ಹತ್ತಿ ನಿಂತಳು. ನಟ್ಟು ಕಿರ್ ಎಂದು ತಿರುಗಿತು. “ಅಪ್ಪ ಕುರಿ ಉಣ್ಣೆ ಕತ್ತರ್ಸೋಕೆ ಊರೂರು ಹೋದಾಗ ಅಮ್ಮ ಟ್ರ್ಯಾಕ್ಟರ್ ಚಕ್ರಾನ ಹೀಗೇ ಬಿಚ್ಚೋಳು. ಕೈಲೇ ಮಾಡ್ಬೇಕೂಂತ ನಿಂಗ್ಯಾರು ಹೇಳಿದ್ರು? ಕಾಲು ನೆಟ್ಟಗಿವೆ, ಹೊಟ್ಟೆ ಭಾರವೂ ಸಾಕಷ್ಟಿದೆ. ಹತ್ತು!”

ಮರ್ವಿನ್ ಹತ್ತಿದ. ನಟ್ಟು ತಿರುಗಿತು. ಇನ್ನೊಂದಕ್ಕೆ ಹತ್ತಿದ, ಅದೂ ತಿರುಗಿತು. ಅವನು ಹುಡುಗನಂತೆ ಕಿರುಚಿದ್ದು ಕೇಳಿ ಬೇಲಿಯ ಮೇಲಿದ್ದ ಗಲಾ ಗಿಳಿಗಳು ಗುಂಪಾಗಿ ಹಾರಿಹೋದವು. ಜಾಕು ಎತ್ತಿದ್ದು ಅವಳು, ಹೇಗೆಂದು ಹೇಳಿದ್ದು ಅವನು. ಚಕ್ರ ಕೂರಿಸಿದ್ದು ಇಬ್ಬರೂ. ನಟ್ಟುಗಳನ್ನು ಕೊನೆಗೆ ಬಿಗಿ ಮಾಡಿದ್ದು ಮರ್ವಿನ್‌ನ ಕಾಲು.

ಹರಿದ ಟೈರಿನ ಚಕ್ರವನ್ನು ಡಿಕ್ಕಿಗೆ ಉರುಳಿಸಿಕೊಂಡು ಹೋಗುತ್ತಿರುವಾಗ ಅದೇ ಪಿಕಪ್ ಹಿಂದಿರುಗಿ ಬಂತು.

“ಸರಿ ಅಂದ್ರಿ,” ಎಂದ ಟೋಪಿಯವನು, “ಆದ್ರೆ ಕನ್ನಡೀಲಿ ಟೈರು ನೋಡ್ದೆ, ಯಾಕೋ ಮನಸ್ಸು ಒಪ್ಲಿಲ್ಲ. ಈಗ ಸರಿಯಿದ್ಯಾ?”

ಮರ್ವಿನ್ ಬಾಯಿ ತೆರೆದ. ಹಳೆಯ ಉತ್ತರ ತುಟಿಯವರೆಗೆ ಬಂದಿತ್ತು. ರೇಲೀನ್ ಅವನನ್ನೇ ನೋಡುತ್ತಿದ್ದಳು.

“ಇಲ್ಲಪ್ಪಾ, ಪೂರ್ತಿ ಸರಿಯಿಲ್ಲ,” ಎಂದ. “ನನ್ನ ಬಲಗೈಗೆ ಶಕ್ತಿಯಿಲ್ಲ, ಇವಳಿಗೂ ಸುಸ್ತಾಗಿದೆ. ಈ ಚಕ್ರಾನ ಸ್ವಲ್ಪ ಎತ್ತಿ ಒಳಗೆ ಹಾಕ್ತೀಯಾ?”

“ಅದಕ್ಕೇನಂತೆ,” ಎಂದು ಅವನು ಇಳಿದು ಬಂದು ಒಂದೇ ಎತ್ತಿಗೆ ಹಾಕಿ, ಕೈ ಒರೆಸಿಕೊಂಡು, ನಾಯಿಗೆ ಏನೋ ಬೈದು ಹೊರಟುಹೋದ. ಆಕಾಶವೇನೂ ಕಳಚಿ ಬೀಳಲಿಲ್ಲ.

ಮರ್ವಿನ್ ಕಾರು ಹತ್ತಿ ಬೆಲ್ಟ್ ಹಾಕಿಕೊಂಡ. ಪೈಯ ಡಬ್ಬ ಮತ್ತೆ ರೇಲೀನ್‌ಳ ತೊಡೆ ಸೇರಿತು.

“ಕ್ಲಾರಿ ಬಂದಿರ್ತಾನೆ ಅಲ್ವಾ ಊಟಕ್ಕೆ? ಅವನಿಗೆ ನಾನೊಂದು ಮಾತು ಹೇಳೋದಿದೆ. ಆವತ್ತು ಗ್ಲಾಸ್ ಎತ್ತಿ ಹೇಳಿದ ಹಾಗೇ, ಎಲ್ಲರೆದುರು.”

“ಹೇಳು. ಪೈಲಿ ದೊಡ್ಡ ತುಂಡು ಅವನಿಗೇ ಕೊಡು.”

ಕಾರು ಜಲ್ಲಿಯ ಮೇಲೆ ಮೆಲ್ಲಗೆ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಮರ್ವಿನ್ ಹೇಳಿದ: “ಇವತ್ತಿಂದ ಬಾಟಲಿ ಮುಚ್ಚಳ ಗಟ್ಟಿಯಾಗೇ ಹಾಕು ರೇಲೀನ್.”

“ಆಮೇಲೆ ತೆಗಿಯೋರ್ಯಾರು?”

“ನಿನ್ನ ಕರೀತೀನಿ,” ಎಂದ.