ಮಂಚ ಕೇಳಲು ಬಂದವನು

ಜಾಹೀರಾತಿನಲ್ಲಿ ಆ ಎರಡು ಪದ ಸೇರಿಸಿದವನು ನನ್ನ ತಮ್ಮ ವಾರ್ವಿಕ್. ಬರ್ನಿ ಊರಿನ ಗುಡ್ಡದ ಮೇಲಿನ ಮನೆ, ಶನಿವಾರ ಬೆಳಿಗ್ಗೆ ಎಂಟಕ್ಕೆ ಗ್ಯಾರೇಜ್ ಸೇಲ್ ಎಂದಷ್ಟೇ ನಾನು ಬರೆದುಕೊಟ್ಟಿದ್ದೆ. ಅದರ ಮೇಲೆ ಅವನು ‘ತೀರಿಹೋದವರ ಸಾಮಾನು’ ಎಂದು ಹಾಕಿಸಿದ. ಹಾಗೆ ಹಾಕಿಸಿದರೆ ಹಳೆ ಸಾಮಾನಿನ ವ್ಯಾಪಾರಿಗಳು ದೂರದಿಂದಲೂ ಬರುತ್ತಾರೆ. ದುಃಖದಲ್ಲಿರುವ ಮನೆಯವರು ಚೌಕಾಸಿ ಮಾಡುವುದಿಲ್ಲ ಎಂಬುದು ಅವರ ಎಣಿಕೆ. ನಮ್ಮ ಕಡೆ ಸಾವಿಲ್ಲದ ಮನೆಯವರೂ ಹೀಗೆ ಹಾಕಿಸುವುದುಂಟು. ಯಾರೂ ತಪ್ಪು ತಿಳಿಯುವುದಿಲ್ಲ.

ಅಮ್ಮ ಮುಂದಿನ ಕೋಣೆಯಲ್ಲಿ ಮಲಗಿದ್ದಳು. ಈ ಮನೆ ಖಾಲಿ ಮಾಡಿ ಸೋಮವಾರ ಅವಳನ್ನು ನನ್ನ ಮನೆಗೆ ಕರೆದೊಯ್ಯುವುದಿತ್ತು. ಅಲ್ಲಿಯತನಕ ಅವಳ ಜೀವ ಉಳಿಯಲಿ ಎಂಬುದೊಂದೇ ವಾರದಿಂದ ನನ್ನ ಪ್ರಾರ್ಥನೆ.

ಆರು ಗಂಟೆಗೆ ಸಮುದ್ರದ ಮಂಜು ಇನ್ನೂ ಕರಗಿರಲಿಲ್ಲ. ಗ್ಯಾರೇಜಿನ ಬಾಗಿಲನ್ನು ಮೊಣಕಾಲೆತ್ತರ ಎತ್ತಿದ್ದೆನಷ್ಟೆ, ಕೆಳಗಿನಿಂದ ಟಾರ್ಚಿನ ಬೆಳಕು ಒಳಗೆ ನುಗ್ಗಿತು. ಹಿಂದೆಯೇ ದಪ್ಪ ಕೋಟು ತೊಟ್ಟ ಹೆಂಗಸೊಬ್ಬಳು ಬಗ್ಗಿ ಬಂದಳು.

“ಎಂಟಕ್ಕೆ ಅಂತ ಹಾಕಿದೀವಲ್ಲಮ್ಮ,” ಎಂದೆ.

“ನನ್ನ ಗಡಿಯಾರಕ್ಕೆ ಸ್ವಲ್ಪ ಅವಸರ ಕಣಮ್ಮ. ಈ ಟೀ ಸೆಟ್ಟಿಗೆ ಐದು ಡಾಲರ್ ಕೊಡ್ಲಾ?”

“ಹದಿನೈದು.”

“ಇದ್ರಲ್ಲಿ ಕುಡಿಯೋಕೆ ಅವರೇನು ವಾಪಸ್ ಬರ್ತಾರಾ? ಪೇಪರಲ್ಲಿ ನೀವೇ ಹಾಕಿದೀರಿ, ತೀರಿಹೋದವರದ್ದು ಅಂತ.”

ವಾರ್ವಿಕ್ ಹಾಗೆ ಹಾಕಿಸಿದ್ದು ನನಗೆ ತಿಳಿದದ್ದು ಆಗಲೇ. ಹೊರಗೆ ಇನ್ನೂ ನಾಲ್ಕೈದು ಜನ ನಿಂತಿದ್ದರು. “ಯಾರೂ ಸತ್ತಿಲ್ಲ. ನಮ್ಮಮ್ಮ ಒಳಗೆ ಮಲಗಿದ್ದಾಳೆ. ಎಲ್ಲರೂ ಹೋಗಿ,” ಎಂದೆ.

“ಬದುಕಿದಾರಾ? ಹಾಗಾದ್ರೆ ಬೆಲೆ ಇಳಿಯಲ್ಲ, ನಡೀರಿ,” ಎಂದು ಹೆಂಗಸು ಬಟ್ಟಲನ್ನು ಇಟ್ಟುಬಿಟ್ಟಳು. ಗೊಣಗುತ್ತ ಎಲ್ಲರೂ ಕಾರು ಹತ್ತಿದರು.

ಒಬ್ಬ ಮಾತ್ರ ಹೋಗಲಿಲ್ಲ. ಅಮ್ಮನ ಕೋಣೆಯ ಕಿಟಕಿಯ ಕೆಳಗೆ, ಟೋಪಿಯನ್ನು ಕೈಯಲ್ಲಿ ಹಿಡಿದು, ಇಗರ್ಜಿಯಲ್ಲಿ ನಿಂತಂತೆ ನಿಂತಿದ್ದ.

“ಒಂದು ಮಂಚ ಇರ್ಬೇಕಲ್ಲ ತಾಯಿ,” ಎಂದ. “ಮೂಲೆಗಳಲ್ಲಿ ಹಿತ್ತಾಳೆ ಗುಂಡು ಇರೋದು. ಗೋಡೆ ಕಡೆ ಗುಂಡು ಸಡಿಲ ಆಗಿದೆ.”

“ನೀವು ಯಾವಾಗ ಒಳಗೆ ಬಂದಿದ್ರಿ?”

“ನನ್ನನ್ನ ಯಾರೂ ಒಳಗೆ ಕರೆಯಲ್ಲ. ಹೀಗೆ ಹಾಕಿಸಿದ್ರೆ ಬರ್ತೀನಿ, ಅಷ್ಟೆ.”

“ಅದರ ಮೇಲೆ ಅಮ್ಮ ಮಲಗಿದ್ದಾಳೆ.”

“ಅವಸರ ಇಲ್ಲ. ಖಾಲಿ ಆದ್ಮೇಲೆ ತಗೋತೀನಿ.”

ಬೇಲಿಯಾಚೆ ಅವನ ಪಿಕಪ್ ಗಾಡಿ ನಿಂತಿತ್ತು. ಹಿಂಭಾಗದಲ್ಲಿ ಮಂಚಗಳು, ಹಾಸಿಗೆ ಹೊದಿಕೆ ಸಮೇತ, ಒಂದರ ಮೇಲೊಂದು. ಮೇಲಿನದರ ದಿಂಬಿನಲ್ಲಿ ಯಾರದೋ ತಲೆ ಒತ್ತಿದ ಗುಳಿ ಹಾಗೇ ಇತ್ತು.

ವಾರ್ವಿಕ್‌ಗೆ ಫೋನ್ ಮಾಡಿದೆ. “ಆ ಪದ ತೆಗೆಸು. ಈಗ್ಲೇ ತೆಗೆಸು.”

“ಅಚ್ಚಾಗಿ ಮನೆಮನೆಗೆ ಹೋಗಿರೋದನ್ನ ಹೇಗಕ್ಕ ತೆಗೆಸ್ಲಿ? ಎರಡು ಪದಕ್ಕೆ ಇಷ್ಟು ಗಾಬರಿನಾ? ಅಮ್ಮ ಪೇಪರ್ ಓದ್ತಾಳಾ?”

ಫೋನ್ ಇಟ್ಟು ಒಳಗೆ ಹೋದೆ. ಅಮ್ಮ ಮಂಚದ ಒಂದು ಅಂಚಿನಲ್ಲಿದ್ದಳು. ಅಪ್ಪ ಮಲಗುತ್ತಿದ್ದ ಇನ್ನೊಂದು ಬದಿ ಹನ್ನೊಂದು ವರ್ಷದಿಂದ ಬರಿದು. ಅವಳ ಉಸಿರು ಬಂತು, ತಡೆಯಿತು, ಮತ್ತೆ ಬಂತು. ಪರದೆಯ ಮೇಲೆ ಟೋಪಿಯಿಲ್ಲದ ತಲೆಯ ನೆರಳು.

ಚಪ್ಪಲಿ ಬಿಟ್ಟು ಅಪ್ಪನ ಜಾಗದಲ್ಲಿ ಮಲಗಿದೆ. ಹಾಸು ತಣ್ಣಗಿತ್ತು. ಅಮ್ಮನ ಮಣಿಕಟ್ಟು ಹಿಡಿದುಕೊಂಡೆ.

“ಹೊರಗೆ ಯಾರೇ?” ಅಮ್ಮ ಕಣ್ಣು ತೆರೆಯದೆ ಕೇಳಿದಳು.

“ಸಾಮಾನು ಕೇಳೋಕೆ ಬಂದೋರಮ್ಮ.”

“ಬೆಳಗಾಗೋಕೆ ಮುಂಚೆನೇ? ನಾಚಿಕೆ ಇಲ್ವಾ ಅವರಿಗೆ?”

ಕಿಟಕಿಯತ್ತ ತಿರುಗಿ, “ಮಂಚ ಖಾಲಿ ಇಲ್ಲ,” ಎಂದೆ. ನೆರಳು ಕದಲಲಿಲ್ಲ. “ಇಬ್ಬರಿದ್ದೀವಿ,” ಎಂದೆ.

ದಿನವೂ ಬೆಳಿಗ್ಗೆ ಹೇಳುವಂತೆ ಅಮ್ಮ ಬಾಯಿಪಾಠದ ಕೀರ್ತನೆಯನ್ನು ಮೆಲ್ಲಗೆ ಶುರುಮಾಡಿದಳು. ಚಿಕ್ಕಂದಿನಿಂದ ನಾನು ಅದನ್ನು ಕೇಳಿದ್ದೇ ಹೊರತು ಅವಳ ಜೊತೆ ಎಂದೂ ದನಿಗೂಡಿಸಿದವಳಲ್ಲ. ಮೂರನೆಯ ಸಾಲಿನ ನಡುವೆ ಅವಳ ಉಸಿರು ನಿಂತಿತು. ಹೊರಗೆ ಜಲ್ಲಿಕಲ್ಲಿನ ಮೇಲೆ ಒಂದು ಹೆಜ್ಜೆಯ ಸದ್ದು. ಉಳಿದ ಅರ್ಧ ಸಾಲನ್ನು ನಾನು ಹೇಳಿದೆ, ಗಟ್ಟಿಯಾಗಿ. ಮಣಿಕಟ್ಟಿನೊಳಗೆ ಏನೋ ಮಿಡಿಯಿತು. ನಾಲ್ಕನೆಯ ಸಾಲನ್ನು ಅಮ್ಮ ಎತ್ತಿಕೊಂಡಳು.

ಗಾಡಿ ಹೊರಟ ಸದ್ದು ಕೇಳಲಿಲ್ಲ. ಐದನೆಯದನ್ನು ನಾನು ಹೇಳಿದೆ.