ಅರ್ಧಕ್ಕೆ ಬಿಟ್ಟ ಹಲ್ಲು

ಲಾ ಪಾಸ್ ನಗರದಲ್ಲಿ ಹಲ್ಲಿನ ಡಾಕ್ಟರಿಕೆ ಓದುವವರು ನಾಲ್ಕನೇ ವರ್ಷಕ್ಕೆ ಬಂದರೆ ತಮ್ಮ ರೋಗಿಗಳನ್ನು ತಾವೇ ಹುಡುಕಿ ತರಬೇಕು. ಹುಳುಕು ಹಲ್ಲೊಂದು ಸಿಕ್ಕಿದರೆ ಹಬ್ಬ. ನೊಯೆಲಿಯಾ ಕಾಲ್ಯಿಸಾಯಾ ಎಂಬ ಹುಡುಗಿ ತನ್ನ ಚಿಕ್ಕಮ್ಮ, ಸೋದರಮಾವ, ಮನೆ ಮಾಲೀಕ, ಎಲ್ಲರ ಬಾಯನ್ನೂ ನೋಡಿ ಮುಗಿಸಿದ್ದಳು. ಬೇರಿನ ಚಿಕಿತ್ಸೆಗೆ ಬೇಕಾದ ಮುಂಭಾಗದ ಹುಳುಕು ಹಲ್ಲು ಮಾತ್ರ ಯಾರಲ್ಲೂ ಇರಲಿಲ್ಲ. ಕೊನೆಗೆ ಅದು ಸಿಕ್ಕಿದ್ದು ಮಿನಿಬಸ್ಸಿನ ಬಾಗಿಲಲ್ಲಿ.

ಬಾಗಿಲಿಗೆ ಜೋತುಬಿದ್ದು "ಪೆರೆಸ್, ಸೆಮೆಂತೆರಿಯೋ, ಸೆಹಾ! ಸೀಟಿದೆ ಬನ್ನಿ, ಸೀಟಿದೆ" ಎಂದು ನಿಲ್ದಾಣಗಳ ಹೆಸರು ಕೂಗುತ್ತಿದ್ದವಳು ಫಿಲಿಪಾ, ಐವತ್ತು ದಾಟಿದ ಹೆಂಗಸು. ಕೂಗುವಾಗಲೆಲ್ಲ ಮೇಲಿನ ಸಾಲಿನಲ್ಲಿ ಕಪ್ಪಗಾದ ಒಂದು ಹಲ್ಲು ಕಾಣುತ್ತಿತ್ತು.

"ಆ ಹಲ್ಲು ನೋಯುತ್ತಾ ಅಮ್ಮ?" ನೊಯೆಲಿಯಾ ಕೇಳಿದಳು.

"ನೋಯದೆ ಮತ್ತೆ ಹಾಡು ಹೇಳುತ್ತಾ? ಕೀಳಿಸ್ಕೋ ಅಂತಾರೆ ಎಲ್ಲರೂ. ಮುಂದಿನ ಹಲ್ಲು ಕಿತ್ತರೆ ಕೂಗೋದು ಹೇಗೆ? ಬಾಯಿಂದ ಬರೀ ಗಾಳಿ ಬರುತ್ತೆ."

"ಕೀಳೋದು ಬೇಡ. ನಾನು ಉಳಿಸಿಕೊಡ್ತೀನಿ."

ಫಿಲಿಪಾ ಕಾಲೇಜಿನ ಚಿಕಿತ್ಸಾಲಯಕ್ಕೆ ಬಂದಳು. ಅಂದಿನಿಂದ ಅವಳ ಬಾಯಲ್ಲಿ ನೊಯೆಲಿಯಾ 'ಡಾಕ್ಟ್ರಮ್ಮ' ಆದಳು. ಮೊದಲ ಸಲ ಹಾಗೆ ಕರೆಸಿಕೊಂಡಾಗ ಹುಡುಗಿಗೆ ಕಿವಿಯವರೆಗೂ ಬಿಸಿಯಾಯಿತು. ಹಲ್ಲನ್ನು ಕೊರೆದು, ಬೇರಿನೊಳಗಿನ ಕೊಳೆಯನ್ನು ತೆಗೆದು, ಮದ್ದಿಟ್ಟು, ಮೇಲೆ ತಾತ್ಕಾಲಿಕ ಮುಚ್ಚಳ ಹಾಕಿ ಕಳಿಸಿದಳು. "ಇದು ಹೆಚ್ಚು ದಿನ ನಿಲ್ಲಲ್ಲ. ಮುಂದಿನ ಗುರುವಾರ ಬನ್ನಿ, ಮುಗಿಸಿಬಿಡೋಣ" ಎಂದಳು.

ಆ ಗುರುವಾರ ಬರುವಷ್ಟರಲ್ಲಿ ವಿದ್ಯಾರ್ಥಿಗಳು ಮುಷ್ಕರ ಹೂಡಬೇಕಾಯಿತು.

ಕಾರಣವೇನೂ ಸಣ್ಣದಲ್ಲ. ಸಲಕರಣೆ ಶುದ್ಧಗೊಳಿಸುವ ಯಂತ್ರ ಕೆಟ್ಟು ತಿಂಗಳುಗಳಾಗಿದ್ದವು. ಹುಡುಗರು ಅಡುಗೆಪಾತ್ರೆಯಲ್ಲಿ ಇಕ್ಕಳ ಕುದಿಸುತ್ತಿದ್ದರು. ನಲ್ಲಿಗಳಲ್ಲಿ ನೀರಿರಲಿಲ್ಲ. ಕೇಳಿದರೆ ಆಡಳಿತದವರು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದರು. ತರಗತಿಯ ಪ್ರತಿನಿಧಿಯಾಗಿ ಆರಿಸಿ ಬಂದಿದ್ದ ನೊಯೆಲಿಯಾ ಕಾಲೇಜಿನ ಅಂಗಳದ ಸಭೆಯಲ್ಲಿ ಬೆಂಚು ಹತ್ತಿದಳು. ಈ ಅಂಗಳದಲ್ಲಿ ವಿದ್ಯಾರ್ಥಿಯ ಮಾತಿಗೂ ಬೆಲೆಯಿದೆ ಎಂದರೆ ಅದು ಹಿಂದಿನವರು ಏಟು ತಿಂದು ಗಳಿಸಿದ್ದು, ಅದನ್ನು ನಾವು ಕೈಬಿಡಬಾರದು ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಗ ಎದ್ದವನು ಎದ್ವಿನ್ ತಾರ್ಕಿ. ನಾಲ್ಕು ಜನರ ಮುಂದೆ ಮಾತಾಡಲು ಬಾರದ ಹುಡುಗ.

"ಅರ್ಧ ಚಿಕಿತ್ಸೆ ಆದವರಿದ್ದಾರಲ್ಲ... ಅವರನ್ನು ಮಾತ್ರ ಒಳಗೆ ಬಿಟ್ಟು ಮುಗಿಸಿಕೊಡೋಣ. ಅವರನ್ನು ಕರ್ಕೊಂಡು ಬಂದವರು ನಾವೇ ಅಲ್ವಾ?"

ಅದಕ್ಕೆ ತಲೆದೂಗಿದವರೂ ಕೆಲವರಿದ್ದರು. ಸಭೆ ಕೈಜಾರುತ್ತಿದೆ ಎಂದು ನೊಯೆಲಿಯಾಳಿಗೆ ಅನ್ನಿಸಿತು. "ಅಂಕಗಳ ಆಸೆಗೆ ರೋಗಿಗಳ ಹೆಸರು ಹೇಳ್ತಿದೀಯೇನೋ ಎದ್ವಿನ್? ಒಂದು ಬಾಗಿಲು ತೆಗೆದರೆ ಮುಷ್ಕರಕ್ಕೆ ಎಳ್ಳುನೀರು ಬಿಟ್ಟಂತೆ. ನನಗೂ ರೋಗಿಗಳಿದ್ದಾರಪ್ಪ, ನಾನು ಅಳ್ತಿದೀನಾ?" ಎಂದಳು. ಸಭೆ ಗೊಳ್ಳೆಂದು ನಕ್ಕಿತು. ಎದ್ವಿನ್ ಕೂತುಬಿಟ್ಟ. ಯಾರನ್ನೂ ಒಳಗೆ ಬಿಡಬಾರದೆಂದು ತೀರ್ಮಾನವಾಯಿತು.

ವಾರಗಳು ಉರುಳಿದವು. ಒಂದು ಬೆಳಿಗ್ಗೆ ಗೇಟಿನ ಹತ್ತಿರ ಬೆಂಕಿ ಹಾಕಿ ಎಲ್ಲರೂ ಆಪಿ ಎಂಬ ಬಿಸಿ ಜೋಳದ ಗಂಜಿ ಕುಡಿಯುತ್ತಿದ್ದಾಗ ಶಾಲಿನಲ್ಲಿ ಮುಖ ಸುತ್ತಿಕೊಂಡ ಹೆಂಗಸೊಬ್ಬಳು ಬಂದಳು. ಮೇಲ್ದುಟಿ ಊದಿ ಮೂಗಿಗೆ ತಾಗಿತ್ತು, ಒಂದು ಕಣ್ಣು ಅರ್ಧ ಮುಚ್ಚಿತ್ತು.

"ಡಾಕ್ಟ್ರಮ್ಮ ನೊಯೆಲಿಯಾ ಇದಾರಾ? ನಾನು ಅವರ ಪೇಷಂಟು."

ಗೇಟು ಕಾಯುತ್ತಿದ್ದವನು ತಿರುಗಿ ಕೂಗಿದ. "ನೊಯೆಲಿಯಾ, ಇವರು ನಿಮ್ಮವರಂತೆ. ಹೌದಾ?"

ಎಲ್ಲರೂ ಅವಳ ಕಡೆ ನೋಡಿದರು. ಎದ್ವಿನ್ ಕೂಡ. ಅಂಗಳದಲ್ಲಿ ತಾನು ನಗಿಸಿದ ನಗು ಈಗ ತನ್ನ ಮೇಲೇ ತಿರುಗುತ್ತದೆ ಎಂದು ಅವಳಿಗೆ ತಕ್ಷಣ ಹೊಳೆಯಿತು. ಬೇರೇನೂ ಹೊಳೆಯಲಿಲ್ಲ.

"ಅಲ್ಲ, ನನಗೆ ಗುರುತಿಲ್ಲ" ಎಂದಳು. "ಆಸ್ಪತ್ರೆಗೆ ಹೋಗೋಕೆ ಹೇಳಿ."

ಫಿಲಿಪಾ ಜಗಳವಾಡಲಿಲ್ಲ. ಒಳ್ಳೆಯ ಕಣ್ಣಿನಿಂದ ಕಂಬಿಗಳ ಸಂದಿಯಲ್ಲಿ ಒಮ್ಮೆ ನೋಡಿ, ಶಾಲು ಬಿಗಿ ಮಾಡಿಕೊಂಡು ಇಳಿಜಾರಿನಲ್ಲಿ ಇಳಿದು ಹೋದಳು. ನೊಯೆಲಿಯಾಳ ಕೈಯಲ್ಲಿದ್ದ ಆಪಿ ಹಾಗೆಯೇ ಆರಿತು. ಓಡಿಹೋಗಿ ಕರೆತರಬಹುದಿತ್ತು. ಹೋಗಲಿಲ್ಲ.

ಮುಷ್ಕರ ಗೆದ್ದಿತು. ಹೊಸ ಯಂತ್ರ ಬಂತು, ನಲ್ಲಿಯಲ್ಲಿ ನೀರು ಬಂತು. ಹುಡುಗರು ನೊಯೆಲಿಯಾಳನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಅವಳಿಗೆ ಮೈಯೆಲ್ಲ ಮುಳ್ಳು ಚುಚ್ಚಿದಂತಾಗಿ, ಇಳಿಸಿ ಇಳಿಸಿ ಎಂದು ಬೇಡಿಕೊಂಡಳು. ನಾಚಿಕೆಯ ಹುಡುಗಿ ಎಂದು ಅವರು ಇನ್ನಷ್ಟು ಎತ್ತಿದರು.

ಮರುದಿನ ಅವಳು ಮಿನಿಬಸ್ ನಿಲ್ದಾಣಕ್ಕೆ ಹೋದಳು. ಫಿಲಿಪಾ ಕೂಗುತ್ತಿದ್ದಳು, ಆದರೆ ಮಾತು ಸೀಟಿ ಹೊಡೆದಂತೆ ಹೊರಡುತ್ತಿತ್ತು. ಪಕ್ಕದ ಬಸ್ಸಿನ ಹುಡುಗ ಅದನ್ನೇ ಅಣಕಿಸಿ ನಗುತ್ತಿದ್ದ. ಅವಳ ಮೇಲಿನ ಸಾಲಿನಲ್ಲಿ ಒಂದು ಕಿಂಡಿಯಿತ್ತು.

"ಫಿಲಿಪಮ್ಮ" ಎಂದಳು ನೊಯೆಲಿಯಾ. "ನಾನು... ಹಲ್ಲು ಕಟ್ಟಿಕೊಡ್ತೀನಿ."

"ಬೇಡ ಹುಡುಗಿ."

"ತಪ್ಪಾಯ್ತು. ಎಲ್ಲರೂ ನೋಡ್ತಿದ್ರು, ಅದಕ್ಕೆ..."

"ನನ್ನನ್ನೂ ನೋಡ್ತಿದ್ರು" ಎಂದಳು ಫಿಲಿಪಾ. "ನಾನು ನಿನ್ನ ಹೆಸರು ಹೇಳ್ದೆ. ನೀನು ನನ್ನ ಹೆಸರು ಹೇಳ್ಲಿಲ್ಲ. ಹೋಗು, ದಾರಿಗೆ ಅಡ್ಡ ನಿಲ್ಲಬೇಡ, ಜನ ಹತ್ತಬೇಕು."

ಆ ಸಂಜೆ ನೊಯೆಲಿಯಾ ಎದ್ವಿನ್‌ನನ್ನು ಹುಡುಕಿ ನಡೆದದ್ದೆಲ್ಲ ಹೇಳಿದಳು. ಅವನು ಅಂದೇ ಗೊತ್ತಾಗಿತ್ತು ಎಂದ. "ನಾನೂ ಬಾಯಿ ಬಿಡಲಿಲ್ಲವಲ್ಲ" ಎಂದು ಸೇರಿಸಿದ. ಅದರಿಂದ ಅವಳ ಭಾರವೇನೂ ಇಳಿಯಲಿಲ್ಲ.

"ನನ್ನ ಕೈಗೆ ಆಕೆ ಬಾಯಿ ಕೊಡಲ್ಲ. ನೀನು ಕರೆದರೆ ಬರಬಹುದು" ಎಂದಳು.

ಎದ್ವಿನ್ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದ. ಮೂರನೆಯ ಸಲ ಫಿಲಿಪಾ ಅವನ ಜೊತೆ ಬಂದಳು. ಹೊಸ ಹಲ್ಲಿಗೆ ಅಚ್ಚು ತೆಗೆಯುವ ದಿನ ಅಚ್ಚಿನ ಹಿಟ್ಟು ಕಲಸಿಕೊಡಲು ಇನ್ನೊಂದು ಕೈ ಬೇಕಿತ್ತು. ನೊಯೆಲಿಯಾ ಕುರ್ಚಿಯ ಹಿಂದೆ ನಿಂತು ಕಲಸಿಕೊಟ್ಟಳು. ಫಿಲಿಪಾ ಅವಳನ್ನು ಕಂಡಳು, ಎದ್ದು ಹೋಗಲಿಲ್ಲ, ಮಾತಾಡಿಸಲೂ ಇಲ್ಲ.

ಅಚ್ಚು ತೆಗೆದ ಮೇಲೆ ಬಾಯಿ ಮುಕ್ಕಳಿಸಿ ಅವಳು ಎದ್ವಿನ್‌ನನ್ನು ಕೇಳಿದಳು: "ಡಾಕ್ಟ್ರೇ, ಮುಂದಿನ ವಾರ ನಿಮ್ಮ ಗೇಟು ತೆಗೆದಿರುತ್ತಾ?"

ಎದ್ವಿನ್ ನೊಯೆಲಿಯಾಳ ಕಡೆ ನೋಡಿದ. ಇನ್ನು ಮುಂದೆ ಯಾವ ಮುಷ್ಕರವಾದರೂ ಅರ್ಧ ಚಿಕಿತ್ಸೆಯವರಿಗೆ ಬಾಗಿಲು ತೆಗೆದಿರಬೇಕೆಂದು ಹಿಂದಿನ ದಿನದ ಸಭೆಯಲ್ಲಿ ಕೇಳಿಕೊಂಡವಳು ಅವಳೇ. ಯಾಕೆ ಹೀಗೆ ಬದಲಾದಿರಿ ಎಂದು ಯಾರೋ ಕೇಳಿದಾಗ ಗೇಟಿನಲ್ಲಿ ನಡೆದದ್ದನ್ನು ಹೇಳಿಯೂ ಇದ್ದಳು, ಬೆಂಚು ಹತ್ತದೆ, ನೆಲದ ಮೇಲೆ ನಿಂತು. ಆಗ ಒಬ್ಬರೂ ಚಪ್ಪಾಳೆ ತಟ್ಟಿರಲಿಲ್ಲ. ಒಪ್ಪಿಗೆಯ ಕೈಗಳು ಮಾತ್ರ ಒಂದೊಂದಾಗಿ ಮೇಲೆದ್ದಿದ್ದವು.

"ತೆಗೆದಿರುತ್ತೆ, ಫಿಲಿಪಮ್ಮ" ಎಂದಳು.

ಫಿಲಿಪಾ ತಿರುಗಲಿಲ್ಲ. "ನೋಡೋಣ" ಎಂದು ಶಾಲು ಹೊದ್ದುಕೊಂಡು ಕೆಳಗಿಳಿದಳು.