ಕಿವಿಯಲ್ಲಿ ಹೇಳಬೇಕಾದ ಹೆಸರು

ಬೆಳಗ್ಗೆ ಏಳುವಾಗಲೇ ಅಂಬುಜಾಳಿಗೆ ಮೈಕೈ ನೋವು, ಗಂಟಲು ಕೆರೆತ. ಹಣೆಯೂ ಸುಡುತ್ತಿತ್ತು. ಆದರೆ ಅದೊಂದು ದಿನ ತನಗೆ ಜ್ವರ ಬರಕೂಡದೆಂದು ಅವಳು ಹಟ ಹಿಡಿದಿದ್ದಳು. ಕೋರಾಡಿಯಲ್ಲಿರುವ ಅವಳ ತಮ್ಮನಾದ ಗುರುವಿನ ಮಗಳಿಗೆ ಅಂದು ತೊಟ್ಟಿಲ ಶಾಸ್ತ್ರ. ಕೂಸಿನ ಕಿವಿಗೆ ಬಾಯಿ ಹಚ್ಚಿ ಮೊದಲ ಸಲ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಮಕ್ಕಳಿಲ್ಲದ ಅಂಬುಜಾ ಆ ಒಂದು ಗಳಿಗೆಗಾಗಿ ಎಷ್ಟು ವರ್ಷ ಕಾದಿದ್ದಳೋ ದೇವರೇ ಬಲ್ಲ! ಹೆಸರನ್ನು ಆರಿಸಿದವಳೂ ಅವಳೇ. ಅದನ್ನು ಗಂಡನ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಗಂಡ ದತ್ತು ಅಜನಿಯ ರೈಲ್ವೆ ಶೆಡ್ಡಿನಲ್ಲಿ ಫಿಟ್ಟರ್. ಫ್ಲೂ ಹಿಡಿದು ಮಲಗಿದ್ದವನು ಹಾಸಿಗೆಯಿಂದಲೇ ಕೂಗಿದ.

"ಡಾಕ್ಟರ್ ಏನಂದ್ರು ಮರತೇನ? ಮನ್ಯಾಗ ಯಾರಿಗರೆ ಕೆಮ್ಮು ಬಂದ್ರ ಕೂಸು, ಮುದುಕರ ಹಂತೇಕ ಹೋಗಬ್ಯಾಡ್ರಿ ಅಂದಿಲ್ಲೇನು?"

"ನಂದು ಬರೇ ಥಂಡಿ. ಸುಮ್ನ ಮಕ್ಕೋರಿ ನೀವು."

ಜ್ವರದ ಗುಳಿಗೆ ನುಂಗಿ ಬಸ್ಸು ಹತ್ತಿಯೇಬಿಟ್ಟಳು. ಊರು ದಾಟುವಷ್ಟರಲ್ಲಿ ಬೆವರೊಡೆದು ಮೈ ತಣ್ಣಗಾಯಿತು. ಜ್ವರವೇ ಇಳಿದ ಮೇಲೆ ಇನ್ನು ಯಾರಿಗೆ ಅಂಟುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು, ಪಾಪ. ಗುಳಿಗೆ ಇಳಿಸುವುದು ಮೈಯ ಬಿಸಿಯನ್ನಷ್ಟೇ. ಕೆಮ್ಮಿನಲ್ಲಿ, ಉಸಿರಿನಲ್ಲಿ ಹೊರಬೀಳುವ ರೋಗದ ಗೊಡವೆಗೇ ಅದು ಹೋಗುವುದಿಲ್ಲ.

ಗುರುವಿನ ಕ್ವಾರ್ಟರ್ಸ್ ತುಂಬ ಹೆಂಗಸರು, ಗದ್ದಲ. ಕೂಸನ್ನು ತೊಟ್ಟಿಲ ಮೇಲೊಮ್ಮೆ ಕೆಳಗೊಮ್ಮೆ ದಾಟಿಸುತ್ತಿದ್ದರು.

"ಅಂಬು, ಜಲ್ದಿ ಬಾರವಾ, ಮುಹೂರ್ತ ಮೀರತೈತಿ!" ಎಂದಳು ಅವಳ ತಾಯಿ.

ಕೂಸನ್ನು ಎತ್ತಿಕೊಂಡು ನಮಿತಾ, ಗುರುವಿನ ಹೆಂಡತಿ, ನಗುತ್ತ ಎದುರಿಗೆ ಬಂದಳು. ತಿಂಗಳು ತುಂಬದೆ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಈಚೆಗಷ್ಟೇ ಮನೆಗೆ ಬಂದ ಜೀವ ಅದು. ಮೂಗಿನ ಪಕ್ಕ ನಳಿಕೆ ಅಂಟಿಸಿದ್ದ ಪಟ್ಟಿಯ ಕಲೆ ಇನ್ನೂ ಮಾಸಿರಲಿಲ್ಲ. ಅಂಬುಜಾ ಬಾಗಬೇಕು ಅನ್ನುವಷ್ಟರಲ್ಲಿ ಎದೆಯೊಳಗಿಂದ ಕೆಮ್ಮು ಒತ್ತಿಕೊಂಡು ಬಂತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಗೋಡೆಯ ತನಕ ಹಿಂದೆ ಸರಿದಳು.

"ನನ್ನ ಹಂತೇಕ ತರಬ್ಯಾಡ್ರಿ. ನನಗ ಜ್ವರ ಬಂದಾವ. ಗುಳಿಗಿ ನುಂಗಿ ಬಂದೀನಿ. ಮನ್ಯಾಗ ಅವರಿಗೂ ಫ್ಲೂ ಐತಿ."

ನಮಿತಾ ಕೂಸನ್ನು ಎದೆಗವಚಿಕೊಂಡು ದೂರ ಸರಿದಳು.

"ಮೊದಲ ಹೇಳಬಾರದೇನ್ರಿ ಅಕ್ಕಾ? ಮತ್ತ ಆ ಪೆಟ್ಟಿಗ್ಯಾಗ ಹಾಕಬೇಕೇನ್ರಿ ಇದನ್ನ?"

ಅಂಬುಜಾ ತಲೆ ತಗ್ಗಿಸಿ ಹೊರಗಿನ ವರಾಂಡಕ್ಕೆ ನಡೆದಳು. ಗುರು ಕಿಟಕಿಗಳನ್ನೆಲ್ಲ ತೆರೆದ. ಒಂದು ಮಾಸ್ಕ್ ತಂದು ಕಟ್ಟೆಯ ಮೇಲಿಟ್ಟ. ನಾಚಿಕೆಗೆ ಅವಳ ಕಿವಿ ಕಾದುಹೋಗಿತ್ತು.

ಒಳಗೆ ತಾಯಿಯ ದನಿ ಕೇಳಿಸಿತು: "ಆತು, ಈಗೇನ್ ಮಾಡೂದು? ಕಾಕಾನ ಮಗಳು ಬೃಂದಾ ಅದಾಳಲ್ಲ, ಆಕಿನೂ ಅತ್ತಿನ. ಆಕಿ ಹೇಳ್ಲಿ."

ಅಂಬುಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೂ ಬಾಗಿಲಾಚೆಯಿಂದಲೇ ಕರೆದಳು. "ಬರೋಬರ್ ಐತಿ. ಬೃಂದಾ, ಅಲ್ಲೇ ದೂರ ನಿಂದರು. ಹೆಸರು ಹೇಳ್ತೀನಿ ಕೇಳು..."

"ಹೇಳಬ್ಯಾಡ್ರಿ ಅಕ್ಕಾ!"

ನಮಿತಾ ಒಳಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣುಗಳೂ ತುಂಬಿದ್ದವು.

"ಮೊದಲು ದವಾಖಾನಿಗೆ ಹೋಗಿ ತೋರಸ್ರಿ. ಪೂರಾ ಆರಾಮಾದ ಮ್ಯಾಲೆ ಬಂದು ನೀವ ಹೇಳ್ರಿ."

"ಮುಹೂರ್ತ ತಪ್ಪತೈತಲ್ಲವಾ!" ಎಂದಳು ತಾಯಿ.

"ತಪ್ಪಲಿ ಬಿಡ್ರಿ ಅತ್ತಿ. ಹಂಗ ಬಾಗಿ ಹೆಸರು ಹೇಳಿದ್ರ ನಮಗ ಯಾರಿಗೂ ಗೊತ್ತಾಗ್ತಿರಲಿಲ್ಲ. ಇಷ್ಟು ಮಂದ್ಯಾಗ ತಮ್ಮ ಮಾನ ಕಳಕೊಂಡು ನನ್ನ ಕೂಸಿನ್ನ ಕಾಯ್ದಾರ. ಕೂಸಿನ ಅತ್ತಿ ಅಂದ್ರ ಇವರ."

ಅಂಬುಜಾ ಮಾಸ್ಕ್ ಹಾಕಿಕೊಂಡು ಮೆಟ್ಟಿಲ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಒಳಗೆ ಹೆಂಗಸರು ಹೆಸರಿಲ್ಲದ ಕೂಸನ್ನು ತೊಟ್ಟಿಲಿಗೆ ಹಾಕಿ ತೂಗತೊಡಗಿದರು.